ಜಾಪ್ಫಿನೊ: ಪೆನ್ನಿನ ಓಟ ಹಿಡಿದಿಟ್ಟ ಫಾಂಟ್

ಕ್ಯಾಲಿಗ್ರಫಿ, ಅಂದರೆ ಅಂದದ ಕೈಬರಹದ ಫಾಂಟುಗಳನ್ನು ಕಲಿಯುವಾಗ ನಾನು ಜಾಸ್ತಿ ಹೊತ್ತು ಕೂತದ್ದು ಜಾಪ್ಫಿನೊ ಮುಂದೆ. ಇದೊಂದು ಅರ್ಥವಾದರೆ ಇಂಥ ಬೇರೆ ಫಾಂಟುಗಳೂ ಸುಲಭವಾಗಿ ಅರ್ಥವಾಗುತ್ತವೆ.

ಇದನ್ನು ರೂಪಿಸಿದವರು ಜರ್ಮನಿಯ ಹರ್ಮನ್ ಜಾಪ್ಫ್. ಪಲಟೀನೊ, ಆಪ್ಟಿಮಾ ಫಾಂಟುಗಳು ಕೂಡ ಅವರವೇ. 1944ರಲ್ಲಿ, ಯುದ್ಧದ ನಡುವೆ, ತಮ್ಮ ಸ್ಕೆಚ್ ಪುಸ್ತಕದಲ್ಲಿ ಅವರು ಬಳುಕುವ ಅಕ್ಷರಗಳ ಒಂದು ಪುಟ ಬರೆದಿದ್ದರು. ಅದು ಫಾಂಟಾಗಿ ಲೈನೋಟೈಪ್ ಎಂಬ ಫಾಂಟ್ ಕಂಪನಿಯಿಂದ ಹೊರಬಂದದ್ದು 1998ರಲ್ಲಿ! ಇಷ್ಟು ತಡವಾಗಲು ಸೀಸದ ಅಚ್ಚುಮೊಳೆಯೂ ಒಂದು ಕಾರಣ. ಅಲ್ಲಿ ಒಂದೊಂದು ಅಕ್ಷರವೂ ಒಂದೊಂದು ಲೋಹದ ತುಂಡು. ಬಾಲವನ್ನು ಆ ತುಂಡಿನಾಚೆ ಉದ್ದಕ್ಕೆ ಚಾಚಿದರೆ ಮುರಿಯುವ ಭಯ. ಜಾಪ್ಫ್ ಅವರಿಗೆ ಬೇಕಿದ್ದದ್ದೇ ಆ ಚಾಚು. ಕಂಪ್ಯೂಟರಿನಲ್ಲಿ ಅಂಥ ತಡೆ ಇಲ್ಲ.

ಈಗ ಮುಖ್ಯ ವಿಷಯ. ಕೈಯಲ್ಲಿ ಬರೆಯುವಾಗ ಒಂದೇ ಅಕ್ಷರ ಎರಡು ಸಲ ಒಂದೇ ಥರ ಬರುವುದಿಲ್ಲ, ಅಲ್ವಾ? ಫಾಂಟಿನಲ್ಲಿ ಅಕ್ಕಪಕ್ಕದ ಎರಡು 'ಎಫ್' ತದ್ರೂಪ ಇದ್ದರೆ ಇದು ಕೈಬರಹ ಅಲ್ಲ ಅಂತ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ಅದಕ್ಕೇ ಮೊದಲ ಆವೃತ್ತಿಯಲ್ಲೇ ನಾಲ್ಕು ಅಕ್ಷರಮಾಲೆಗಳಿದ್ದವು. ಸಣ್ಣ 'ಡಿ' ಒಂದಕ್ಕೇ ಹಲವು ರೂಪ. ಪಕ್ಕದಲ್ಲಿ ಯಾವ ಅಕ್ಷರವಿದೆ, ಎಷ್ಟು ಜಾಗವಿದೆ ನೋಡಿ ಆರಿಸಬಹುದು. ಮ್ಯಾಕ್‌ನಲ್ಲಿರುವ ಆವೃತ್ತಿಯಲ್ಲಿ ಫಾಂಟಿನ ಹೆಸರನ್ನೇ ಇಂಗ್ಲಿಷಿನಲ್ಲಿ (Zapfino) ಟೈಪ್ ಮಾಡಿ. ಕೊನೆಯ 'ಓ' ಒತ್ತಿದ ಕೂಡಲೇ ಏಳೂ ಅಕ್ಷರ ಬೆಸೆದು ಒಂದೇ ಚಿತ್ರವಾಗುತ್ತದೆ. ಮೊದಲ ಸಲ ನೋಡಿದಾಗ ನಾನು ಅಳಿಸಿ ಅಳಿಸಿ ಮತ್ತೆ ಟೈಪ್ ಮಾಡಿದ್ದೆ.

ಬಳಕೆಗೆ ಬಂದರೆ, ಇದು ನಾಲ್ಕೈದು ಪದಗಳ ಫಾಂಟ್. ಆಮಂತ್ರಣ, ಪ್ರಮಾಣಪತ್ರ, ಪುಸ್ತಕದ ಮುಖಪುಟ, ಲೋಗೋ ಇವಕ್ಕೆ ಚೆನ್ನ. ನಾನು ಒಮ್ಮೆ ಇಡೀ ಪ್ಯಾರಾವನ್ನು 12 ಪಾಯಿಂಟಿನಲ್ಲಿ ಹಾಕಿದ್ದೆ. ಓದಲು ಆಗಲೇ ಇಲ್ಲ. ಇಲ್ಲಿ ಅಕ್ಷರದ ತಲೆ, ಬಾಲ ಉದ್ದ. ನಡುವಿನ ಮೈ ತೀರಾ ಚಿಕ್ಕದು. ಹಾಗಾಗಿ ಬೇರೆ ಫಾಂಟಿಗಿಂತ ಅಳತೆ ಜಾಸ್ತಿ ಬೇಕು, ಸಾಲುಗಳ ನಡುವೆ ಅಂತರವೂ ಬೇಕು. ವಿವರಗಳಿಗೆ ಪಕ್ಕದಲ್ಲಿ ಸರಳವಾದ ಇನ್ನೊಂದು ಫಾಂಟ್ ಇಟ್ಟುಕೊಳ್ಳಿ.

ಬರೀ ಕ್ಯಾಪಿಟಲ್ ಅಕ್ಷರಗಳಲ್ಲಿ ಪದ ಬರೆಯಬೇಡಿ, ಬಾಲಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅಕ್ಷರಗಳ ನಡುವಿನ ಅಂತರವನ್ನು ಸುಮ್ನೆ ಹಿಗ್ಗಿಸಬೇಡಿ, ಬೆಸುಗೆ ಬಿಟ್ಟುಹೋಗುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಮುದ್ರಿಸುವಾಗಲೂ ಎಚ್ಚರ ಇರಲಿ. ಸುತ್ತಲಿನ ಶಾಯಿ ಸ್ವಲ್ಪ ಹರಡಿದರೂ ಕೂದಲೆಳೆಯಂಥ ಗೆರೆಗಳು ಮುಚ್ಚಿಹೋಗುತ್ತವೆ.

ಎರಡು ಸಾಲು ಜೋಡಿಸಿದ ಮೇಲೆ ಬಾಲಗಳನ್ನು ಒಂದೊಂದಾಗಿ ನೋಡಿ. ಮೇಲಿನ ಸಾಲಿನ 'ಜಿ' ಬಾಲ ಕೆಳಗಿನ 'ಎಲ್' ತಲೆಗೆ ತಾಗುತ್ತಿದ್ದರೆ ಅಳತೆ ಕುಗ್ಗಿಸಬೇಡಿ. ಆ ಒಂದು ಅಕ್ಷರಕ್ಕೆ ಮಾತ್ರ ಬೇರೆ ರೂಪ ಹಾಕಿ ನೋಡಿ.