ಶ್ವಾಸಕೋಶದ ಕಾವಲುಗಾರರನ್ನು ಎಬ್ಬಿಸುವುದು ಹೇಗೆ?

ನಾವು ಉಸಿರು ಎಳೆದುಕೊಂಡಾಗಲೆಲ್ಲ ಗಾಳಿಯ ಜೊತೆ ದೂಳು, ಹೊಗೆ, ಬ್ಯಾಕ್ಟೀರಿಯಾ ಎಲ್ಲವೂ ಒಳಗೆ ಬರುತ್ತವೆ. ಅವನ್ನು ನುಂಗಿಹಾಕುವುದಕ್ಕೆಂದೇ ಶ್ವಾಸಕೋಶದ ಪುಟ್ಟ ಗಾಳಿಚೀಲಗಳಲ್ಲಿ ಕೆಲವು ಜೀವಕೋಶಗಳು ಓಡಾಡಿಕೊಂಡಿರುತ್ತವೆ. ಹೆಸರು ಮ್ಯಾಕ್ರೋಫೇಜ್, ಅಂದರೆ ದೊಡ್ಡ ತಿನಿಬಾಕ.

ಇಂಥ ಕಾವಲು ಇದ್ದೂ ಅಲ್ಲಿ ಕ್ಯಾನ್ಸರ್ ಹೇಗೆ ಬೆಳೆಯುತ್ತದೆ? ಮ್ಯಾಕ್ರೋಫೇಜ್ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಇರಲೂಬೇಕು. ಒಂದೊಂದು ದೂಳಿನ ಕಣಕ್ಕೂ ಅದು ಕೆರಳಿದರೆ ಶ್ವಾಸಕೋಶ ಊದಿಕೊಂಡು ಉಸಿರಾಡುವುದೇ ಕಷ್ಟವಾಗುತ್ತದೆ, ಅಲ್ವಾ? ಕ್ಯಾನ್ಸರ್ ಕೋಶವಂತೂ ಹೊರಗಿನದಲ್ಲ, ನಮ್ಮದೇ ಕೋಶ ದಾರಿ ತಪ್ಪಿದ್ದು. ಎಷ್ಟೋ ಗೆಡ್ಡೆಗಳ ಕೋಶಗಳು ಸಿಡಿ47 ಎಂಬ ಪ್ರೋಟೀನನ್ನು ಮೈಮೇಲೆ ಹೊತ್ತು 'ನನ್ನನ್ನು ತಿನ್ನಬೇಡ' ಎಂದು ಸೂಚನೆ ಬೇರೆ ಕೊಡುತ್ತವೆ.

ಹಾಗಾದರೆ ಎಬ್ಬಿಸುವುದು ಹೇಗೆ? ಬ್ಯಾಕ್ಟೀರಿಯಾದ ಗೋಡೆಯ ಚೂರು ಕಂಡರೆ ಮ್ಯಾಕ್ರೋಫೇಜ್ ಎಚ್ಚರಗೊಳ್ಳುತ್ತದೆ. ಅಂಥ ಒಂದು ಚೂರು ಮ್ಯುರಾಮಿಲ್ ಡೈಪೆಪ್ಟೈಡ್. ಅದನ್ನು ಸುಮ್ನೆ ರಕ್ತಕ್ಕೆ ಚುಚ್ಚಿದರೆ ಬೇಗನೆ ಮೂತ್ರದಲ್ಲಿ ಹೊರಟುಹೋಗುತ್ತದೆ. ಅದಕ್ಕೇ ವಿಜ್ಞಾನಿಗಳು ಅದನ್ನು ಲೈಪೊಸೋಮ್ ಎಂಬ ಕೊಬ್ಬಿನ ಸಣ್ಣ ಗುಳ್ಳೆಯೊಳಗೆ ತುಂಬಿದರು. ಕಣ ಸಿಕ್ಕರೆ ನುಂಗುವುದು ಮ್ಯಾಕ್ರೋಫೇಜಿನ ಚಾಳಿ ತಾನೆ, ಗುಳ್ಳೆಯನ್ನೂ ನುಂಗುತ್ತದೆ, ಔಷಧ ನೇರವಾಗಿ ಅದರ ಹೊಟ್ಟೆ ಸೇರುತ್ತದೆ! ಈ ಉಪಾಯ ನನಗೆ ಬಹಳ ಇಷ್ಟ. 1980ರ ದಶಕದಲ್ಲಿ ಮನುಷ್ಯರ ಶ್ವಾಸಕೋಶವನ್ನು ಉಪ್ಪುನೀರಿನಿಂದ ತೊಳೆದು ಈ ಕೋಶಗಳನ್ನು ಹೊರತೆಗೆದು, ಪ್ರಯೋಗಾಲಯದ ತಟ್ಟೆಯಲ್ಲಿ ಹೀಗೆ ಕೆರಳಿಸಿದಾಗ ಅವು ಗೆಡ್ಡೆಯ ಕೋಶಗಳನ್ನು ಕೊಂದವು.

ಈ ದಾರಿಯಲ್ಲೇ ಬಂದ ಔಷಧ ಮಿಫಾಮುರ್ಟೈಡ್. ಯುರೋಪಿನಲ್ಲಿ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಆಸ್ಟಿಯೋಸಾರ್ಕೋಮಾಗೆ, ಅಂದರೆ ಹದಿಹರೆಯದವರಲ್ಲಿ ಜಾಸ್ತಿ ಕಾಣುವ ಮೂಳೆ ಕ್ಯಾನ್ಸರಿಗೆ. ಮೂಳೆಯ ರೋಗಕ್ಕೆ ಶ್ವಾಸಕೋಶದ ಮಾತೇಕೆ ಅಂದರೆ, ಈ ಕ್ಯಾನ್ಸರ್ ಹರಡಿದಾಗ ಹೆಚ್ಚಾಗಿ ಹೋಗಿ ಕೂರುವುದು ಶ್ವಾಸಕೋಶದಲ್ಲೇ.

ದೊಡ್ಡ ಗೆಡ್ಡೆಯ ಮುಂದೆ ಮಾತ್ರ ಈ ಸೈನ್ಯ ಸಾಲದು. ಬೆಳೆದ ಗೆಡ್ಡೆ ಮ್ಯಾಕ್ರೋಫೇಜುಗಳನ್ನೇ ತನ್ನ ಕಡೆಗೆ ಒಲಿಸಿಕೊಂಡು, ಹೊಸ ರಕ್ತನಾಳ ಬೆಳೆಸಲು ದುಡಿಸಿಕೊಳ್ಳುವುದೂ ಉಂಟು. ಅದಕ್ಕೇ ಈ ಔಷಧವನ್ನು ಶಸ್ತ್ರಚಿಕಿತ್ಸೆಯಲ್ಲಿ ಗೆಡ್ಡೆ ತೆಗೆದ ಮೇಲೆ ಕೀಮೋ ಜೊತೆ ಕೊಡುತ್ತಾರೆ. ಕಣ್ಣಿಗೆ ಕಾಣದೆ ಉಳಿದ ನಾಲ್ಕಾರು ಕೋಶಗಳನ್ನು ಹುಡುಕಿ ಮುಗಿಸುವುದು ಎಚ್ಚೆತ್ತ ಕಾವಲುಗಾರರ ಕೆಲಸ.