ಸೋಲಲಿಲ್ಲ, ಸುಮ್ನೆ ಮಲಗಿತ್ತು: ಮಹಿಳಾ ಮೀಸಲಾತಿ ಮಸೂದೆಯ 27 ವರ್ಷ

ಲೋಕಸಭೆ, ವಿಧಾನಸಭೆಗಳಲ್ಲಿ ಹೆಣ್ಣುಮಕ್ಕಳಿಗೆ ಮೂರನೇ ಒಂದು ಸ್ಥಾನ ಕೊಡುವ ಮಹಿಳಾ ಮೀಸಲಾತಿ ಮಸೂದೆ 1996ರಿಂದ 2023ರವರೆಗೆ ಸಂಸತ್ತಿಗೆ ಬಂದಾಗಲೆಲ್ಲ ಗಲಾಟೆಯೇ. ಕೂಗಾಡಿದರು, ಸದನದ ಬಾವಿಗೆ ಇಳಿದರು, ಪ್ರತಿಗಳನ್ನು ಕಿತ್ತುಕೊಂಡು ಹರಿದರು. ಆದರೆ ಅಷ್ಟೂ ವರ್ಷದಲ್ಲಿ ಯಾವ ಸದನವೂ ಅದನ್ನು ಮತ ಹಾಕಿ ಸೋಲಿಸಲಿಲ್ಲ. ಬೇಡ ಎಂದು ಬಾಯಿಬಿಟ್ಟು ಹೇಳಿದ ಪಕ್ಷಗಳು ಕೆಲವೇ. ಕಾಂಗ್ರೆಸ್, ಬಿಜೆಪಿ, ಎಡಪಕ್ಷಗಳು ಎಲ್ಲವೂ ಬೇಕು ಎಂದೇ ಹೇಳುತ್ತಿದ್ದವು. ಆದರೂ ಮಸೂದೆ ನಾಲ್ಕು ಸಲ ಸತ್ತಿತು.

ಮಸೂದೆ ಕಾನೂನಾಗುವ ದಾರಿಯನ್ನು ನಾವೆಲ್ಲ ಶಾಲೆಯಲ್ಲಿ ಉರು ಹೊಡೆದಿದ್ದೇವೆ. ಮೂರು ವಾಚನ, ಎರಡು ಸದನ, ಒಂದು ಅಂಕಿತ. ಮಸೂದೆ ಕಾನೂನಾಗದೇ ಉಳಿಯುವ ದಾರಿಗಳನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ. ಅದು ಗೊತ್ತಾಗಬೇಕಾದರೆ ಈ ಒಂದು ಮಸೂದೆಯ ಹಿಂದೆ ಹೋದರೆ ಸಾಕು.

ಕಥೆ ಒಂದು ರೀತಿಯಲ್ಲಿ ನಮ್ಮಲ್ಲೇ ಶುರುವಾಗುತ್ತದೆ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ಮಂತ್ರಿ ಆಗಿದ್ದ ಕಾಲ. 1983ರಲ್ಲಿ ಕರ್ನಾಟಕ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾನೂನು ಮಾಡಿತು. ಅದರಲ್ಲಿ ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ. ಆ ಮಸೂದೆ ರಾಷ್ಟ್ರಪತಿಗಳ ಅಂಕಿತಕ್ಕೆ ದೆಹಲಿಗೆ ಹೋಯಿತು, ಅಂಕಿತ ಸಿಕ್ಕಿದ್ದು 1985ರಲ್ಲಿ. ಚುನಾವಣೆ ನಡೆದಿದ್ದು 1987ರಲ್ಲಿ. ಆಮೇಲೆ ಇಡೀ ದೇಶದ ಪಂಚಾಯಿತಿಗಳಲ್ಲಿ ಹೆಣ್ಣುಮಕ್ಕಳಿಗೆ ಮೀಸಲಾತಿ ತರಲು ರಾಜೀವ್ ಗಾಂಧಿ ಸರ್ಕಾರ ಹೊರಟಿತು. 1989ರಲ್ಲಿ ಲೋಕಸಭೆ ಒಪ್ಪಿತು, ರಾಜ್ಯಸಭೆಯಲ್ಲಿ ಕೆಲವೇ ಮತ ಕಡಿಮೆ ಬಿದ್ದು ಮಸೂದೆ ಸೋತಿತು. ಅದು ನೇರ ಸೋಲು. ಸೋತ ಮೂರೇ ವರ್ಷಕ್ಕೆ, 1992ರ ಡಿಸೆಂಬರ್‌ನಲ್ಲಿ, ಮತ್ತೆ ಬಂದು ಪಾಸಾಯಿತು. ಅದೇ ಸಂವಿಧಾನದ 73ನೇ ತಿದ್ದುಪಡಿ. ನೇರವಾಗಿ ಸೋತದ್ದು ಬೇಗ ಎದ್ದಿತು, ಸೋಲದೇ ಇದ್ದದ್ದು 27 ವರ್ಷ ಅಲೆಯಿತು!

ಹಳ್ಳಿಯಲ್ಲಿ ಆದದ್ದು ದೆಹಲಿಯಲ್ಲಿ ಯಾಕೆ ಆಗಬಾರದು ಎಂಬ ಪ್ರಶ್ನೆಗೆ ಮೊದಲ ಮಸೂದೆ ಬಂದದ್ದು 1996ರ ಸೆಪ್ಟೆಂಬರ್ 12ರಂದು. ಪ್ರಧಾನಿ ಎಚ್.ಡಿ. ದೇವೇಗೌಡ. ಲೋಕಸಭೆಯಲ್ಲೂ ವಿಧಾನಸಭೆಗಳಲ್ಲೂ ಮೂರನೇ ಒಂದು ಸ್ಥಾನ ಹೆಣ್ಣುಮಕ್ಕಳಿಗೆ ಎನ್ನುವ 81ನೇ ತಿದ್ದುಪಡಿ ಮಸೂದೆ ಅದು. ಮಂಡನೆ ಎಂದರೆ ದೊಡ್ಡ ಸಂಗತಿಯೇನೂ ಅಲ್ಲ. ಮಂತ್ರಿ ಎದ್ದುನಿಂತು ಅನುಮತಿ ಕೇಳುತ್ತಾರೆ, ಸದನ ಧ್ವನಿಮತದಲ್ಲಿ ಕೊಡುತ್ತದೆ, ಮಸೂದೆ ಗೆಜೆಟ್‌ನಲ್ಲಿ ಅಚ್ಚಾಗುತ್ತದೆ. ಮೊದಲ ವಾಚನ ಮುಗಿಯಿತು. ಯಾರೂ ಏನನ್ನೂ ಓದುವುದಿಲ್ಲ, ಹೆಸರು ಮಾತ್ರ ವಾಚನ.

ಮುಂದಿನದು ಸಮಿತಿ. ಗಲಾಟೆ ಜಾಸ್ತಿಯಾದಾಗ ಮಸೂದೆಯನ್ನು ಸಮಿತಿಗೆ ಕಳಿಸುವುದು ಹಳೇ ಉಪಾಯ. ಕೆಲವು ಸಲ ಅದು ನಿಜವಾದ ಪರಿಶೀಲನೆಗೆ, ಕೆಲವು ಸಲ ಬಿಸಿ ಆರಲಿ ಎಂದು. ಇಲ್ಲಿ ಎರಡೂ ಇತ್ತು ಅಂತ ನನಗನಿಸುತ್ತದೆ. ಆದರೆ ಎರಡೂ ಸದನಗಳ 31 ಸದಸ್ಯರ ಜಂಟಿ ಸಮಿತಿಗೆ ಅಧ್ಯಕ್ಷೆಯಾದವರು ಗೀತಾ ಮುಖರ್ಜಿ. ಪಶ್ಚಿಮ ಬಂಗಾಳದ ಸಿಪಿಐ ಸಂಸದೆ. ಅವರು ಕಡತವನ್ನು ಮಲಗಲು ಬಿಡಲಿಲ್ಲ, ಮೂರು ತಿಂಗಳೊಳಗೆ, ಡಿಸೆಂಬರ್ 9ಕ್ಕೆ, ವರದಿ ಕೊಟ್ಟುಬಿಟ್ಟರು.

ಸಮಿತಿ ಎಷ್ಟು ಸಣ್ಣ ಪದ ಹಿಡಿದು ಕೂರುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಮಸೂದೆಯಲ್ಲಿ ‘ಮೂರನೇ ಒಂದಕ್ಕಿಂತ ಕಡಿಮೆ ಇಲ್ಲದಂತೆ’ ಎಂದಿತ್ತು. ಇದಕ್ಕೆ ಬೇರೆ ಬೇರೆ ಅರ್ಥ ಹಚ್ಚಬಹುದು ಎಂದು ಸಮಿತಿ ‘ಸಾಧ್ಯವಾದಷ್ಟು ಮೂರನೇ ಒಂದಕ್ಕೆ ಹತ್ತಿರ’ ಎಂದು ಬದಲಿಸಲು ಹೇಳಿತು. 2023ರ ಕಾನೂನಿನಲ್ಲಿ ಇರುವುದೂ ಈ ಮಾತೇ. ಹಿಂದುಳಿದ ವರ್ಗದ ಹೆಣ್ಣುಮಕ್ಕಳ ಒಳಮೀಸಲಾತಿಯನ್ನು ಸರ್ಕಾರ ಸೂಕ್ತ ಸಮಯದಲ್ಲಿ ಪರಿಗಣಿಸಲಿ ಎಂದೂ ಸಮಿತಿ ಬರೆಯಿತು. ಜಗಳದ ಬೇರು ಇದ್ದದ್ದೇ ಅಲ್ಲಿ. ಒಳಮೀಸಲಾತಿ ಇಲ್ಲದಿದ್ದರೆ ಸೀಟುಗಳೆಲ್ಲ ಪೇಟೆಯ, ಮೇಲ್ಜಾತಿಯ ಹೆಂಗಸರ ಪಾಲಾಗುತ್ತವೆ ಎನ್ನುವುದು ವಿರೋಧಿಗಳ ವಾದ. ಅದನ್ನು ಜೋರಾಗಿ ಹೇಳಿದವರಲ್ಲಿ ದೇವೇಗೌಡರ ಜನತಾದಳದವರೇ ಇದ್ದರು. ವಾದದಲ್ಲಿ ಹುರುಳಿತ್ತು. ಆದರೆ ಸೀಟು ಕಳೆದುಕೊಳ್ಳುವ ಭಯಕ್ಕೂ ಆ ವಾದ ಒಳ್ಳೇ ಕೊಡೆಯಾಯಿತು.

13 ಪಕ್ಷಗಳ ಸಂಯುಕ್ತ ರಂಗ ಸರ್ಕಾರ. ದೇವೇಗೌಡರು 1997ರ ಏಪ್ರಿಲ್‌ನಲ್ಲಿ ಹೋದರು, ಅವರ ನಂತರ ಬಂದ ಗುಜ್ರಾಲ್ ಸರ್ಕಾರವೂ ವರ್ಷ ತುಂಬಲಿಲ್ಲ. ಡಿಸೆಂಬರ್‌ನಲ್ಲಿ ಲೋಕಸಭೆ ವಿಸರ್ಜನೆಯಾಯಿತು. ಮಸೂದೆಯೂ ಅಲ್ಲಿಗೇ ಮುಗಿಯಿತು.

ಯಾಕೆ ಮುಗಿಯಿತು? ಲೋಕಸಭೆ ಐದು ವರ್ಷದ ಬಾಡಿಗೆ ಮನೆ ಇದ್ದ ಹಾಗೆ. ಖಾಲಿ ಮಾಡುವಾಗ ಒಳಗಿದ್ದ ಸಾಮಾನೆಲ್ಲ ಹೊರಗೆ. ಅಲ್ಲಿ ಬಾಕಿ ಇದ್ದ ಮಸೂದೆಗಳೆಲ್ಲ ಬಿದ್ದುಹೋಗುತ್ತವೆ. ಹೊಸ ಲೋಕಸಭೆ ಬಂದ ಮೇಲೆ ಹೊಸ ಸಂಖ್ಯೆ, ಹೊಸ ಮಂಡನೆ, ಮತ್ತೆ ಮೊದಲಿಂದ. ರಾಜ್ಯಸಭೆ ಹಾಗಲ್ಲ, ಅದು ಸ್ವಂತ ಮನೆ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಸದಸ್ಯರು ನಿವೃತ್ತರಾಗುತ್ತಾರೆಯೇ ಹೊರತು ಮನೆ ಖಾಲಿಯಾಗುವುದಿಲ್ಲ. ಅಲ್ಲಿ ಹುಟ್ಟಿ ಅಲ್ಲೇ ಇರುವ ಮಸೂದೆಗೆ ಚುನಾವಣೆಯ ಭಯ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಾಜಪೇಯಿ ಕಾಲದ ಎರಡು ಪ್ರಯತ್ನಗಳನ್ನು ಬೇಗ ಮುಗಿಸಬಹುದು. 1998ರ ಜುಲೈನಲ್ಲಿ ಮಂಡಿಸಲು ಹೋದಾಗ ಆರ್‌ಜೆಡಿ ಸದಸ್ಯರೊಬ್ಬರು ಸ್ಪೀಕರ್ ಬಾಲಯೋಗಿಯವರ ಮುಂದಿದ್ದ ಪ್ರತಿಯನ್ನು ಕಿತ್ತು ಹರಿದರು. ಡಿಸೆಂಬರ್‌ನಲ್ಲಿ ಅಂತೂ ಮಂಡನೆಯಾಯಿತು. 1999ರ ಏಪ್ರಿಲ್‌ನಲ್ಲಿ ಆ ಸರ್ಕಾರ ಒಂದೇ ಮತದಿಂದ ಬಿತ್ತು, ಮಸೂದೆ ಎರಡನೇ ಸಲ ಸತ್ತಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಮತ್ತೆ ಬಂದದ್ದು ನಾಲ್ಕು ವರ್ಷ ಸುಮ್ನೆ ಮಲಗಿ 2004ರಲ್ಲಿ ಹೋಯಿತು.

2008ರಲ್ಲಿ ಮನಮೋಹನ್ ಸಿಂಗ್ ಸರ್ಕಾರ ಜಾಣತನ ಮಾಡಿತು. ಮಸೂದೆಯನ್ನು ಸ್ವಂತ ಮನೆಯಲ್ಲೇ, ಅಂದರೆ ರಾಜ್ಯಸಭೆಯಲ್ಲಿ, ಹುಟ್ಟಿಸಿತು. ಮೇ 6ರಂದು ಕಾನೂನು ಮಂತ್ರಿ ಎಚ್.ಆರ್. ಭಾರದ್ವಾಜ್ ಮಂಡಿಸುವಾಗ ಯಾರೂ ಪ್ರತಿ ಕಿತ್ತುಕೊಳ್ಳದಂತೆ ಕಾಂಗ್ರೆಸ್ ಸಂಸದೆಯರು ಅವರ ಸುತ್ತ ಕೋಟೆ ಕಟ್ಟಿ ಕೂತಿದ್ದರು. (ಮುಂದಿನ ವರ್ಷ ನಮ್ಮ ರಾಜ್ಯಪಾಲರಾಗಿ ಬಂದವರು ಇದೇ ಭಾರದ್ವಾಜ್.) ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು. 2009ರಲ್ಲಿ ಲೋಕಸಭೆ ಚುನಾವಣೆ ಬಂತು, ಹೋಯಿತು. ಮಸೂದೆಗೆ ಏನೂ ಆಗಲಿಲ್ಲ. ಉಪಾಯ ಫಲಿಸಿತ್ತು.

2010ರ ಮಾರ್ಚ್ 8, ಮಹಿಳಾ ದಿನ. ಅವತ್ತೇ ಪಾಸು ಮಾಡಬೇಕೆಂಬ ಆಸೆ. ಆದರೆ ವಿರೋಧಿ ಸದಸ್ಯರು ಸಭಾಪತಿ ಹಮೀದ್ ಅನ್ಸಾರಿಯವರ ಮೇಜಿಗೇ ನುಗ್ಗಿ ಹಾಳೆ ಹರಿದರು, ದಿನ ಹಾಳಾಯಿತು. ಮಾರನೇ ದಿನ ಏಳು ಸದಸ್ಯರನ್ನು ಅಮಾನತು ಮಾಡಿ, ಹೊರಡದಿದ್ದವರನ್ನು ಮಾರ್ಷಲ್‌ಗಳ ಕೈಲಿ ಹೊರಗೆ ಕಳಿಸಿ, ಮತಕ್ಕೆ ಹಾಕಿದರು. ಪರ 186, ವಿರೋಧ 1. ಆಗ ಕಾನೂನು ಮಂತ್ರಿ ನಮ್ಮ ವೀರಪ್ಪ ಮೊಯಿಲಿ. 1993ರಲ್ಲಿ ಕರ್ನಾಟಕಕ್ಕೆ ಹೊಸ ಪಂಚಾಯತ್ ರಾಜ್ ಕಾಯ್ದೆ ಬಂದಾಗ ಮುಖ್ಯಮಂತ್ರಿಯಾಗಿದ್ದವರೂ ಅವರೇ.

ಚಪ್ಪಾಳೆ ಬಿತ್ತು, ಸಿಹಿ ಹಂಚಿದರು. ಎಡವಟ್ಟಾದದ್ದೂ ಅವತ್ತೇ. ರಾಜ್ಯಸಭೆಯಲ್ಲಿ ಬಾಕಿ ಇದ್ದಷ್ಟು ದಿನ ಮಸೂದೆಗೆ ಸಾವಿರಲಿಲ್ಲ. ಪಾಸಾಗಿ ಲೋಕಸಭೆಯ ಹೊಸ್ತಿಲು ದಾಟಿದ ಕೂಡಲೇ ಅದು ಮತ್ತೆ ಬಾಡಿಗೆ ಮನೆಯ ಸಾಮಾನಾಯಿತು. ಗೆದ್ದದ್ದಕ್ಕೇ ಆಯುಷ್ಯ ಕಡಿಮೆಯಾಯಿತು! ಹೊರಗಿನಿಂದ ಬೆಂಬಲ ಕೊಡುತ್ತಿದ್ದ ಪಕ್ಷಗಳು ಕೈಕೊಡುತ್ತೇವೆ ಎಂದು ಹೆದರಿಸಿದವು. ಸರ್ಕಾರ ಅದನ್ನು ಲೋಕಸಭೆಯಲ್ಲಿ ಚರ್ಚೆಗೇ ತರಲಿಲ್ಲ. ಯಾವ ದಿನ ಯಾವ ಸರ್ಕಾರಿ ಮಸೂದೆ ಕಲಾಪದ ಪಟ್ಟಿಗೆ ಬರಬೇಕೆಂದು ನಿರ್ಧರಿಸುವುದು ಸರ್ಕಾರ. ತರದೇ ಇದ್ದರೆ ಕೇಳುವವರಿಲ್ಲ, ಗಡುವೂ ಇಲ್ಲ. ನಾಲ್ಕು ವರ್ಷ ಹಾಗೇ ಕಳೆದು 2014ರಲ್ಲಿ ನಾಲ್ಕನೇ ಸಲ ಬಿದ್ದುಹೋಯಿತು.

ಹೀಗೆ ಕಾಯಿಸಿ ಕೊಲ್ಲುವುದು ಸಂಸತ್ತಿನ ಸ್ವತ್ತು ಮಾತ್ರ ಅಲ್ಲ. 1986ರಲ್ಲಿ ಅಂಚೆ ಕಚೇರಿ ತಿದ್ದುಪಡಿ ಮಸೂದೆ ಎರಡೂ ಸದನ ದಾಟಿ ರಾಷ್ಟ್ರಪತಿ ಜೈಲ್ ಸಿಂಗ್ ಅವರ ಮೇಜಿಗೆ ಹೋಯಿತು. ಜನರ ಕಾಗದ ಒಡೆದು ನೋಡಲು ಸರ್ಕಾರಕ್ಕೆ ಅಧಿಕಾರ ಕೊಡುವ ಮಸೂದೆ. ಅವರು ಸಹಿ ಹಾಕಲಿಲ್ಲ, ವಾಪಸೂ ಕಳಿಸಲಿಲ್ಲ, ಇಟ್ಟುಕೊಂಡರು. ಸಂವಿಧಾನದಲ್ಲಿ ಇಷ್ಟು ದಿನದೊಳಗೆ ಸಹಿ ಹಾಕಿ ಎಂದಿಲ್ಲವಲ್ಲ. ಕೊನೆಗೆ 2002ರಲ್ಲಿ ಸರ್ಕಾರವೇ ಹಿಂತೆಗೆದುಕೊಂಡಿತು. ಸಂವಿಧಾನ ತಿದ್ದುಪಡಿ ಮಸೂದೆಯ ವಿಷಯ ಬೇರೆ. 1971ರ ಬದಲಾವಣೆಯಾದ ಮೇಲೆ ಅದಕ್ಕೆ ರಾಷ್ಟ್ರಪತಿ ಅಂಕಿತ ಹಾಕಲೇಬೇಕು.

2023ರಲ್ಲಿ ಎಲ್ಲವೂ ತಲೆಕೆಳಗಾಯಿತು. ಹೊಸ ಸಂಸತ್ ಭವನದಲ್ಲಿ ಮೊದಲ ಕಲಾಪ, ಸೆಪ್ಟೆಂಬರ್ 19, ಗಣೇಶ ಚತುರ್ಥಿ. ಕಾನೂನು ಮಂತ್ರಿ ಅರ್ಜುನ್ ರಾಮ್ ಮೇಘವಾಲ್ 128ನೇ ತಿದ್ದುಪಡಿ ಮಸೂದೆ ಮಂಡಿಸಿದರು. ಪ್ರತಿ ಮೊದಲೇ ಸಿಗಲಿಲ್ಲ ಎಂದು ಪ್ರತಿಪಕ್ಷದವರು ದೂರಿದರು. ಸಮಿತಿಗೆ ಹೋಗಲಿಲ್ಲ. ಮರುದಿನವೇ ಮತ.

ಮತ ಹೇಗೆ ಹಾಕುತ್ತಾರೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಾಮಾನ್ಯ ಮಸೂದೆಗೆ ಸ್ಪೀಕರ್ ಕೇಳುತ್ತಾರೆ, ‘ಹೌದು’ ಎನ್ನುವವರು ಕೂಗುತ್ತಾರೆ, ‘ಇಲ್ಲ’ ಎನ್ನುವವರೂ ಕೂಗುತ್ತಾರೆ. ಯಾವ ಕೂಗು ದೊಡ್ಡದು ಎಂದು ಸ್ಪೀಕರ್ ಕಿವಿಯೇ ನಿರ್ಧರಿಸುತ್ತದೆ. ಸಂವಿಧಾನ ತಿದ್ದುಪಡಿಗೆ ಕಿವಿ ಸಾಲದು, ತಲೆ ಎಣಿಸಬೇಕು. ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು, ಜೊತೆಗೆ ಸದನದ ಒಟ್ಟು ಬಲದ ಅರ್ಧಕ್ಕಿಂತ ಹೆಚ್ಚು. ಅದಕ್ಕೇ ಲಾಬಿ, ಅಂದರೆ ಸದನದ ಸುತ್ತಲಿನ ಪಡಸಾಲೆ, ಖಾಲಿ ಮಾಡಿಸುತ್ತಾರೆ. ಗಂಟೆ ಬಾರಿಸುತ್ತದೆ, ನಿಯಮದ ಪ್ರಕಾರ ಮೂರೂವರೆ ನಿಮಿಷ. ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಿದ್ದವರೂ ಕಪ್ ಬಿಟ್ಟು ಓಡಿ ಬರಬೇಕು. ಗಂಟೆ ನಿಂತಿತೋ, ಬಾಗಿಲು ಬಂದ್. ಒಳಗಿದ್ದವರದ್ದು ಮಾತ್ರ ಲೆಕ್ಕ.

ಆ ದಿನ ಬಟನ್ ಒತ್ತಲಿಲ್ಲ, ಚೀಟಿಯಲ್ಲಿ ಮತ ಹಾಕಿದರು. ಪರ 454, ವಿರೋಧ 2. ಒಟ್ಟು 456 ಮತದಲ್ಲಿ ಮೂರನೇ ಎರಡು ಎಂದರೆ 304, ಅದಕ್ಕಿಂತ 150 ಜಾಸ್ತಿ. ಸೆಪ್ಟೆಂಬರ್ 21ರಂದು ರಾಜ್ಯಸಭೆಯಲ್ಲಿ 214–0. ದೇವೇಗೌಡರು ಆಗ ಅದೇ ಸದನದ ಸದಸ್ಯರು. 28ರಂದು ರಾಷ್ಟ್ರಪತಿಗಳ ಅಂಕಿತ. ಮಸೂದೆಯಾಗಿದ್ದಾಗ 128, ಕಾನೂನಾದಾಗ 106ನೇ ತಿದ್ದುಪಡಿ. ಈ ಎರಡು ಸಂಖ್ಯೆ ನೋಡಿ ತಬ್ಬಿಬ್ಬಾಗುವವರು ಬಹಳ. ದಾರಿಯಲ್ಲಿ ಬಿದ್ದುಹೋದ ತಿದ್ದುಪಡಿ ಮಸೂದೆಗಳು ಎಷ್ಟು ಎಂಬುದು ಆ ವ್ಯತ್ಯಾಸದಲ್ಲೇ ಕಾಣುತ್ತದೆ.

27 ವರ್ಷ ಆಗದ್ದು ಮೂರು ದಿನದಲ್ಲಿ ಆಯಿತು. ಬಹುಮತ ಇದ್ದ ಸರ್ಕಾರ ಮನಸ್ಸು ಮಾಡಿದ್ದು ಒಂದು ಕಾರಣ. ಇನ್ನೊಂದು ಕಾರಣ ಮಸೂದೆಯ ಒಳಗೇ ಇತ್ತು. ಮೀಸಲಾತಿ ಜಾರಿಯಾಗುವುದು ಈ ಕಾನೂನಿನ ನಂತರದ ಮೊದಲ ಜನಗಣತಿ ನಡೆದು, ಅದರ ಮೇಲೆ ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಎಂದು ಬರೆದಿದ್ದರು. ಅಂದರೆ ಕೈ ಎತ್ತಿದ ಯಾವ ಸಂಸದರ ಕ್ಷೇತ್ರವೂ ಮುಂದಿನ ಚುನಾವಣೆಗೆ ಮೀಸಲಾಗುವ ಹಾಗಿರಲಿಲ್ಲ. 1996ರ ಸಂಸದರಿಗೆ ಈ ನೆಮ್ಮದಿ ಇರಲಿಲ್ಲ, ಅಲ್ವಾ? ಮೊದಲು ಮಸೂದೆ ಕಾಯುತ್ತಿತ್ತು, ಈಗ ಕಾನೂನೇ ಕಾಯುವ ಸರದಿ. ಜನಗಣತಿಯ ಅಧಿಸೂಚನೆ ಹೊರಬಿದ್ದದ್ದು 2025ರ ಜೂನ್‌ನಲ್ಲಿ. ದೇಶದ ಬಹುಭಾಗಕ್ಕೆ ಅದರ ಲೆಕ್ಕದ ದಿನ 2027ರ ಮಾರ್ಚ್ 1.

ನಡುವೆ 2024ರ ಚುನಾವಣೆ ಹಳೇ ಲೆಕ್ಕದಲ್ಲೇ ನಡೆಯಿತು. ಲೋಕಸಭೆಯ 543ರಲ್ಲಿ ಗೆದ್ದ ಹೆಣ್ಣುಮಕ್ಕಳು 74. ಕರ್ನಾಟಕದ 28ರಲ್ಲಿ ಮೂರು: ಬೆಂಗಳೂರು ಉತ್ತರ, ಚಿಕ್ಕೋಡಿ, ದಾವಣಗೆರೆ.