ಅದು ಜನತಾ ದರ್ಶನ ಅಲ್ಲ ಸ್ವಾಮಿ

ಹೋದ ವರ್ಷ ಒಂದು ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. "ಮೇಡಂ, ಜೂಮ್‌ನಲ್ಲಿ ಎರಡು ಗಂಟೆ ಕಾದೆ. ಕೊಟ್ಟಿದ್ದು ಎರಡೇ ನಿಮಿಷ. ನಾನಿನ್ನೂ ಅಪ್ಪನ ಪರಿಚಯ ಹೇಳ್ತಾ ಇದ್ದೆ, ಬೀಪ್ ಅಂತು. ಅಷ್ಟು ಜನ ಕೂತಿದ್ರಲ್ಲ, ಒಬ್ಬರಾದ್ರೂ ಬಾಯಿ ಬಿಡಬೇಡ್ವಾ? ಥ್ಯಾಂಕ್ಯೂ, ನೆಕ್ಸ್ಟ್ ಸ್ಪೀಕರ್ ಅಂದ್ಬಿಟ್ರು!"

ನಾನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದ ಊರುಗಳಲ್ಲಿ ವಕೀಲಿ ಮಾಡುತ್ತೇನೆ. ಇಂಥ ಫೋನು ಆಗಾಗ ಬರುತ್ತಲೇ ಇರುತ್ತದೆ. ಮಾತಾಡುವವರು ಬೇರೆ, ಊರು ಬೇರೆ, ಸಿಟ್ಟು ಮಾತ್ರ ಒಂದೇ. ಪೊಲೀಸರ ಮೇಲೆ ಕಣ್ಣಿಡಲು ಊರಿನ ಜನರೇ ಕೂರುವ ಪೊಲೀಸ್ ಮೇಲ್ವಿಚಾರಣಾ ಮಂಡಳಿಯ ಸಭೆಗೆ ಮನೆಯಿಂದಲೇ ಸೇರುತ್ತಾರೆ. ತಮಗಾದದ್ದನ್ನು ಹೇಳಿಕೊಳ್ಳುತ್ತಾರೆ. ಆ ಕಡೆಯಿಂದ ಒಂದು ಮಾತೂ ಬರದೆ ಕುದಿಯುತ್ತಾರೆ. ಸಿಟ್ಟು ಬಂದವರ ಬಗ್ಗೆ ನನಗೆ ಚಿಂತೆ ಕಡಿಮೆ, ಅವರು ಫೋನ್ ಮಾಡುತ್ತಾರೆ. ಚಿಂತೆ ಇರುವುದು ಸಿಟ್ಟು ಬಾರದವರ ಬಗ್ಗೆ. "ಹೇಳಿ ಆಯ್ತಲ್ಲ, ಇನ್ನು ಅವರು ನೋಡ್ಕೊಳ್ತಾರೆ" ಅಂತ ಸುಮ್ಮನಾಗಿಬಿಡುತ್ತಾರೆ. ಏಳೆಂಟು ತಿಂಗಳಾದ ಮೇಲೆ "ಏನಾಯ್ತು ಮೇಡಂ ನಮ್ ಕೇಸು" ಅಂತ ಬರುತ್ತಾರೆ. ಕೇಸು ಎಲ್ಲಿದೆ?

ನಮ್ಮವರ ತಲೆಯಲ್ಲಿರುವುದು ಜನತಾ ದರ್ಶನ. ಮುಖ್ಯಮಂತ್ರಿಯೋ ಡಿಸಿಯೋ ಕೂತಿರುತ್ತಾರೆ, ನಾವು ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲುತ್ತೇವೆ. ಅಹವಾಲು ಕೇಳಿ ಪಕ್ಕದ ಅಧಿಕಾರಿ ಕಡೆ ತಿರುಗಿ "ಏನ್ರೀ ಇದು, ನೋಡಿ ಇದನ್ನ" ಅಂತಾರೆ. ಕೆಲಸ ಆಗುತ್ತೋ ಬಿಡುತ್ತೋ, ಒಂದು ಮಾತಂತೂ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಪಬ್ಲಿಕ್ ಕಾಮೆಂಟ್, ಅಂದರೆ ಸಭೆಯಲ್ಲಿ ಜನರಿಗೆ ಮಾತಾಡಲು ಕೊಡುವ ಹೊತ್ತು, ಆ ಜಾತಿಯದ್ದೇ ಅಲ್ಲ. ಅಲ್ಲಿ ನೀವು ಹೇಳಬಹುದು, ಅವರು ಕೇಳಿಸಿಕೊಳ್ಳಬೇಕು. ಅಷ್ಟೇ ವ್ಯವಹಾರ. ನೀವು ಅಲ್ಲಿ ಹೇಳಿದ್ದು ದೂರು ಅಲ್ಲ. ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ಮಂಡಳಿಯ ಸಭೆಯಲ್ಲಿ ಮಾತಾಡಿದರೆ ದೂರು ಕೊಟ್ಟ ಹಾಗಾಗುವುದಿಲ್ಲ.

"ಅಷ್ಟು ಅಧಿಕಾರ ಇದ್ದೂ ಉತ್ತರ ಕೊಡೋಕಾಗಲ್ವಾ?" ಅಂತ ಕೇಳುತ್ತಾರೆ. ಅಧಿಕಾರ ಇರುವುದು ನಿಜ. ಬರ್ಕ್ಲಿಯಲ್ಲಿ 1973ರಲ್ಲೇ ಜನ ಮತ ಹಾಕಿ ಇಂಥದ್ದೊಂದು ಆಯೋಗ ಮಾಡಿಕೊಂಡರು. 2020ರಲ್ಲಿ ಮತ್ತೆ ಮತ ಹಾಕಿ ಅದರ ಜಾಗಕ್ಕೆ ಈಗಿನ ಮಂಡಳಿಯನ್ನು ತಂದರು. ಓಕ್‌ಲ್ಯಾಂಡ್‌ನಲ್ಲಿ 2016ರ ಮತದಾನದಿಂದ ಬಂದ ಪೊಲೀಸ್ ಆಯೋಗ 2020ರ ಫೆಬ್ರವರಿಯಲ್ಲಿ ಮೇಯರ್ ಜೊತೆ ಸೇರಿ ಪೊಲೀಸ್ ಮುಖ್ಯಸ್ಥೆಯನ್ನೇ ಕೆಲಸದಿಂದ ತೆಗೆಯಿತು. ಅಂಥವರು ನಿಮ್ಮ ಎದುರು ಕಲ್ಲಿನ ಹಾಗೆ ಕೂತಿರಲು ಕಾರಣಗಳಿವೆ. ಮರ್ಯಾದೆ ಗೊತ್ತಿಲ್ಲದ್ದು ಆ ಕಾರಣಗಳಲ್ಲಿ ಒಂದಲ್ಲ.

ಮೊದಲನೆಯದು ಅಜೆಂಡಾ. 1953ರ ಬ್ರೌನ್ ಕಾಯ್ದೆ ಅಂತ ಒಂದಿದೆ. ಇಲ್ಲಿನ ಸ್ಥಳೀಯ ಸಂಸ್ಥೆಗಳ ಸಭೆಗಳಿಗೆಲ್ಲ ಅದೇ ಬುನಾದಿ. ಮಾಮೂಲು ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಹಾಕಬೇಕು. ಅಜೆಂಡಾದಲ್ಲಿ ಇಲ್ಲದ ವಿಷಯವನ್ನು ಮಂಡಳಿ ಚರ್ಚೆ ಮಾಡುವಂತಿಲ್ಲ, ತೀರ್ಮಾನ ಮಾಡುವಂತಿಲ್ಲ. ಚುಟುಕಾಗಿ ಒಂದು ಮಾತು ಹೇಳಬಹುದು, ಸಿಬ್ಬಂದಿಗೆ ನೋಡಿ ಅನ್ನಬಹುದು, ಮುಂದಿನ ಸಭೆಗೆ ಹಾಕಿ ಅನ್ನಬಹುದು. ನಿಮ್ಮ ಅಪ್ಪನ ವಿಷಯ ಅಜೆಂಡಾದಲ್ಲಿ ಇರಲಿಲ್ಲ, ಅಲ್ವಾ? ಬೆನ್ನ ಹಿಂದೆ ತೀರ್ಮಾನ ಆಗಬಾರದು ಅಂತ ಮಾಡಿದ ಕಾನೂನು ಅದು. ಈ ರಾತ್ರಿ ನಿಮ್ಮನ್ನು ಕಾಡಿದ ಅದೇ ನಿಯಮ ನಾಳೆ ನಿಮ್ಮನ್ನು ಕಾಯುತ್ತದೆ.

ಎರಡನೆಯದು ಗುಟ್ಟು. ಪೊಲೀಸರ ಮೇಲಿನ ಶಿಸ್ತುಕ್ರಮದ ದಾಖಲೆಗಳು ಈ ರಾಜ್ಯದಲ್ಲಿ ಗೋಪ್ಯ. 2006ರಲ್ಲಿ ಈ ರಾಜ್ಯದ ಸುಪ್ರೀಂ ಕೋರ್ಟ್ ಕೊಟ್ಟ ಕಾಪ್ಲಿ ತೀರ್ಪು ಅದನ್ನು ಇನ್ನೂ ಬಿಗಿ ಮಾಡಿತು. ಅದಕ್ಕೆ ಮೊದಲು ಬರ್ಕ್ಲಿಯಲ್ಲಿ ದೂರಿನ ವಿಚಾರಣೆಗಳು ಜನರ ಎದುರೇ ನಡೆಯುತ್ತಿದ್ದವು, ಆಮೇಲೆ ಬಾಗಿಲು ಮುಚ್ಚಿತು. 2019ರಿಂದ ಗುಂಡು ಹಾರಿಸಿದ್ದು, ತೀವ್ರ ಗಾಯ ಮಾಡಿದ್ದು, ಸುಳ್ಳು ಹೇಳಿದ್ದು ಸಾಬೀತಾಗಿದ್ದು ಮುಂತಾದ ಕೆಲವು ದಾಖಲೆಗಳು ಹೊರಗೆ ಸಿಗುತ್ತಿವೆ. ಆದರೆ ಒಬ್ಬ ಆಫೀಸರ್ ಹೆಸರು ಹಿಡಿದು ನಡೆಯುವ ತನಿಖೆ ಬಗ್ಗೆ ಬಹಿರಂಗ ಸಭೆಯಲ್ಲಿ ಸದಸ್ಯರು ಬಾಯಿ ಬಿಟ್ಟರೆ ಅವರ ತಲೆಗೇ ಬರುತ್ತದೆ.

ಮೂರನೆಯದನ್ನು ಹೇಳಿದರೆ ಜನ ತಕ್ಷಣ ಒಪ್ಪುತ್ತಾರೆ. ನಿಮ್ಮ ದೂರು ನಾಳೆ ಅದೇ ಮಂಡಳಿಯ ಮುಂದೆ ಬರಬಹುದು. ತೀರ್ಪು ಕೊಡಬೇಕಾದವರು ಮೊದಲೇ "ಅಯ್ಯೋ ಪಾಪ, ಅನ್ಯಾಯ ಆಗಿದೆ" ಅಂದುಬಿಟ್ಟರೆ ಆಫೀಸರ್ ಕಡೆ ವಕೀಲರು ಅದೊಂದು ಮಾತನ್ನು ಹಿಡಿದು ಅವರನ್ನು ಆ ವಿಚಾರಣೆಯಿಂದಲೇ ಹೊರಗಿಡಿ ಅಂತ ಕೇಳುತ್ತಾರೆ. ನಿಮ್ಮ ಮೇಲೆ ಕನಿಕರ ಇದ್ದವರೇ ಎದ್ದು ಹೋಗಬೇಕಾಗುತ್ತದೆ. ಸುಮ್ನೆ ಕೂತಿದ್ದು ನಿಮಗೇ ಒಳ್ಳೆಯದಾಯಿತು ಅಂತ ಇಟ್ಟುಕೊಳ್ಳಿ.

ಹಾಗಾದರೆ ದೂರು ಎಲ್ಲಿ? ಮಂಡಳಿಗೆ ಸೇರಿದ ತನಿಖಾ ಕಚೇರಿಯಲ್ಲಿ, ಅಥವಾ ಪೊಲೀಸ್ ಇಲಾಖೆಯಲ್ಲೇ. ನಮ್ಮವರು ಜಾಸ್ತಿ ಇರುವ ಎಷ್ಟೋ ಊರುಗಳಲ್ಲಿ ಇಂಥ ಮಂಡಳಿಯೇ ಇಲ್ಲ. ಆದರೂ ದೂರು ಸ್ವೀಕರಿಸಿ ತನಿಖೆ ಮಾಡುವ ಪದ್ಧತಿಯೊಂದನ್ನು ಪ್ರತಿ ಇಲಾಖೆಯೂ ಇಟ್ಟುಕೊಂಡಿರಲೇಬೇಕು, ಕಾನೂನೇ ಹಾಗಿದೆ. ಬರೆದು ಕೊಡಿ. ದಿನ, ಹೊತ್ತು, ಯಾವ ರಸ್ತೆ, ಯಾರ ಮನೆ ಮುಂದೆ. ಬಾಡಿ ಕ್ಯಾಮೆರಾ ದೃಶ್ಯ ಹುಡುಕಲು ಬೇಕಾಗುವುದು ಇವೇ, ನಿಮ್ಮ ತಂದೆ ಎಷ್ಟು ವರ್ಷ ಸರ್ವೀಸು ಮಾಡಿದರು ಅನ್ನುವುದಲ್ಲ. ತನಿಖೆ ಮುಗಿದು ತೀರ್ಮಾನವಾದ 30 ದಿನದೊಳಗೆ ಫಲಿತಾಂಶವನ್ನು ನಿಮಗೆ ಪತ್ರದಲ್ಲಿ ತಿಳಿಸಬೇಕು.

ಗಡಿಯಾರಗಳೂ ಓಡುತ್ತಿರುತ್ತವೆ. ಆರೋಪ ಗೊತ್ತಾದ ದಿನದಿಂದ ಸಾಮಾನ್ಯವಾಗಿ ಒಂದು ವರ್ಷದೊಳಗೆ ತನಿಖೆ ಮುಗಿಯದಿದ್ದರೆ ಆಫೀಸರ್‌ಗೆ ಶಿಕ್ಷೆ ಕೊಡಲಾಗುವುದಿಲ್ಲ, ಕೆಲವು ವಿನಾಯಿತಿಗಳಿವೆ. ಗಾಯವಾಗಿ, ರಾಜ್ಯದ ಕಾನೂನಿನಡಿ ನಗರದಿಂದ ಪರಿಹಾರ ಕೇಳಬೇಕೆಂದರೆ ಆರು ತಿಂಗಳೊಳಗೆ ಕ್ಲೇಮ್ ಹಾಕಬೇಕು. ಜೂಮ್‌ನಲ್ಲಿ ಎರಡು ನಿಮಿಷ ಮಾತಾಡಿದ್ದಕ್ಕೆ ಈ ಎರಡು ಗಡಿಯಾರಗಳಲ್ಲಿ ಒಂದೂ ನಿಲ್ಲುವುದಿಲ್ಲ. ನಿಮ್ಮ ಪ್ರಕರಣಕ್ಕೆ ಯಾವ ಗಡುವು ಅನ್ನುವುದನ್ನು ನಿಮ್ಮ ವಕೀಲರನ್ನೇ ಕೇಳಿ, ಅಂಕಣ ಓದಿ ಲೆಕ್ಕ ಹಾಕಬೇಡಿ.

ಇನ್ನೊಂದು, ಇದು ನಿಜಕ್ಕೂ ಗಂಭೀರ. ಪೊಲೀಸರಿಗೆ ಅಡ್ಡಿ ಮಾಡಿದಿರಿ ಅಂತ 148ನೇ ಸೆಕ್ಷನ್ ಕೇಸೋ ಇನ್ನೊಂದೋ ನಿಮ್ಮ ಮೇಲೇ ಇದ್ದರೆ, ದಯವಿಟ್ಟು ಸಭೆಯಲ್ಲಿ ಮಾತಾಡಬೇಡಿ. ಆ ಸಭೆ ರೆಕಾರ್ಡ್ ಆಗುತ್ತದೆ. "ಹೌದು, ಸಿಟ್ಟಲ್ಲಿ ಕೈ ಕೊಡವಿದೆ, ಆದ್ರೆ..." ಅಂತ ಒಬ್ಬ ಹುಡುಗ ಹೇಳಿದ. "ಆದ್ರೆ" ಆದಮೇಲಿನದನ್ನು ಸರ್ಕಾರಿ ವಕೀಲರು ಕೇಳಿಸಿಕೊಳ್ಳಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಮತ್ತೆ ಆ ಸಭೆಗೆ ಯಾಕೆ ಹೋಗಬೇಕು ಅಂತ ಕೇಳಿದರೆ ನನಗೆ ಬೇಜಾರಾಗುತ್ತದೆ. ಈ ಬಾಗಿಲು ಎಷ್ಟು ಕಷ್ಟದಿಂದ ತೆರೆಯಿತು ಅಂತ ನೋಡಿದವಳು ನಾನು. 2020ರ ಮೊದಲು ಸಿಟಿ ಹಾಲ್‌ಗೇ ಹೋಗಬೇಕಿತ್ತು. ಪಾರ್ಕಿಂಗ್ ಹುಡುಕಿ, ಮಗುವನ್ನು ಯಾರ ಹತ್ತಿರವೋ ಬಿಟ್ಟು, ಹತ್ತು ಗಂಟೆವರೆಗೆ ಬೆಂಚಿನ ಮೇಲೆ ಕಾಯಬೇಕು. ಆ ಮಾರ್ಚ್‌ನಲ್ಲಿ ಕೋವಿಡ್ ಅಂತ ಗವರ್ನರ್ ಆದೇಶ ಹೊರಡಿಸಿ ಸಭೆಗಳನ್ನು ಫೋನಿಗೆ, ಪರದೆಗೆ ತಂದರು. ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತು ಎಂಟು ದಿನಕ್ಕೆ, ಜೂನ್ 2ರಂದು, ಲಾಸ್ ಏಂಜಲೀಸ್ ಪೊಲೀಸ್ ಆಯೋಗದ ಜೂಮ್ ಸಭೆಯಲ್ಲಿ ಜನ ಗಂಟೆಗಟ್ಟಲೆ ಒಬ್ಬರಾದ ಮೇಲೊಬ್ಬರು ಬೈದರು. ರಾತ್ರಿ ಪಾಳಿಯ ನರ್ಸ್ ಒಬ್ಬಳು ಕಾರಿನಲ್ಲಿ ಕೂತು ಮಾತಾಡಿದ್ದನ್ನು ನಮ್ಮ ಕಡೆಯ ಒಂದು ಸಭೆಯಲ್ಲಿ ನಾನೇ ಕೇಳಿದ್ದೇನೆ. 2023ರಲ್ಲಿ ಪುಂಡರು ನುಗ್ಗಿ ಯಹೂದಿಗಳ ಮೇಲೆ, ಕರಿಯರ ಮೇಲೆ ಹೊಲಸು ಮಾತಾಡಲು ಶುರು ಮಾಡಿದ ಮೇಲೆ ಎಷ್ಟೋ ಊರುಗಳು ದೂರದಿಂದ ಮಾತಾಡುವುದನ್ನೇ ನಿಲ್ಲಿಸಿದವು. ಈಗ ಒಂದೊಂದು ಕಡೆ ಒಂದೊಂದು ಪದ್ಧತಿ. ಕೆಲವು ಕಡೆ ನೋಡಬಹುದು, ಮಾತಾಡುವಂತಿಲ್ಲ. ಅಜೆಂಡಾದ ಮೊದಲ ಪುಟದಲ್ಲೇ ಬರೆದಿರುತ್ತದೆ. ಅದನ್ನು ಓದದೆ ನನಗೆ ಫೋನ್ ಮಾಡಬೇಡಿ.

ಮಂಡಳಿಯ ಕೈಯಲ್ಲಿ ಆ ರಾತ್ರಿ ಆಗುವ ಕೆಲಸ ಅಂದರೆ ನಿಯಮಗಳು. ಯಾರನ್ನು ಯಾವಾಗ ತಡೆದು ನಿಲ್ಲಿಸಬಹುದು, ಬೇಡಿ ಯಾವಾಗ ಹಾಕಬಹುದು, ಇಂಗ್ಲಿಷ್ ಬಾರದವರ ಜೊತೆ ಹೇಗೆ ಮಾತಾಡಬೇಕು. ಅಂಥ ವಿಷಯ ಅಜೆಂಡಾದಲ್ಲಿ ಬಂದ ದಿನ ನೀವು ಮಾತಾಡಿದರೆ ಅವರು ಅದನ್ನು ಹಿಡಿದು ಚರ್ಚೆ ಮಾಡಬಹುದು. ಬಾಯಿ ತೆರೆಯಬಹುದು!

ಆ ಫೋನ್ ಮಾಡಿದವನ ಅಪ್ಪ ತಿಪಟೂರು ಕಡೆಯ ನಿವೃತ್ತ ಹೆಡ್‌ಮೇಷ್ಟ್ರು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಒಂದೆರಡು ಗುರುತು ಬದಲಿಸಿದ್ದೇನೆ.) ಸಂಜೆ ವಾಕಿಂಗ್ ಹೋದಾಗ ಯಾರದೋ ಮನೆ ಮುಂದೆ ಫುಟ್‌ಪಾತಿನ ಮೇಲೆ ನಿಂಬೆಹಣ್ಣು ಬಿದ್ದಿದ್ದವು. ತೋಟದವರಿಗೆ ಬಿದ್ದ ಕಾಯಿ ಕಂಡರೆ ಕೈ ಸುಮ್ನಿರುತ್ತಾ? ಬಗ್ಗಿ ಎರಡು ಎತ್ತಿಕೊಂಡು, ಗಿಡ ಯಾವ ತಳಿ ಅಂತ ನೋಡುತ್ತಾ ನಿಂತರು. ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಬಂದವರು ಕೇಳಿದ್ದು ಇವರಿಗೆ ತಿಳಿಯಲಿಲ್ಲ, ಇವರು ಹೇಳಿದ್ದು ಅವರಿಗೆ ತಿಳಿಯಲಿಲ್ಲ. ಫುಟ್‌ಪಾತಿನ ಅಂಚಿನಲ್ಲಿ ಕೂರಿಸಿ, ಬೇಡಿ ಹಾಕಿ, ಮಗ ಬರುವವರೆಗೆ ಇಪ್ಪತ್ತು ನಿಮಿಷ. 2015ರಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ ಹೀಗೇ ವಾಕಿಂಗ್ ಹೊರಟಿದ್ದ ಗುಜರಾತಿ ಅಜ್ಜನನ್ನು ಪೊಲೀಸ್ ಒಬ್ಬ ನೆಲಕ್ಕೆ ಕೆಡವಿದ್ದು ಗೊತ್ತಿದ್ದವರಿಗೆ, ಮಗ ಆ ರಾತ್ರಿ ಯಾಕೆ ನಡುಗಿದ ಅಂತ ಅರ್ಥವಾಗುತ್ತದೆ.

ನಾವು ಎರಡನ್ನೂ ಬೇರೆ ಮಾಡಿದೆವು. ದೂರನ್ನು ಬರೆದು ತನಿಖಾ ಕಚೇರಿಗೆ ಕೊಟ್ಟೆವು. ಸಭೆಗೆ ಅಜೆಂಡಾ ಕಾದೆವು. ಮೂರು ತಿಂಗಳಾದ ಮೇಲೆ ಭಾಷೆ ಬಾರದವರ ಕುರಿತ ನಿಯಮ ಚರ್ಚೆಗೆ ಬಂತು. ಮೇಷ್ಟ್ರು "ನಾನೇ ಮಾತಾಡ್ತೀನಮ್ಮ, ಕನ್ನಡದಲ್ಲೇ" ಅಂದರು.

ಇದು ನಮ್ಮವರಿಗೆ ಗೊತ್ತೇ ಇಲ್ಲದ ಹಕ್ಕು. ಅನುವಾದಕರ ಮೂಲಕ ಮಾತಾಡುವವರಿಗೆ ಕಡಿಮೆಯೆಂದರೂ ಎರಡರಷ್ಟು ಸಮಯ ಕೊಡಬೇಕು ಅಂತ ಬ್ರೌನ್ ಕಾಯ್ದೆಯಲ್ಲೇ ಇದೆ. ಎರಡು ನಿಮಿಷ ಅಂದರೆ ನಾಲ್ಕು. ಸಭೆಗೆ ಮೊದಲೇ ಕ್ಲರ್ಕ್‌ಗೆ ಒಂದು ಇಮೇಲ್ ಹಾಕಿ ತಿಳಿಸಿದರೆ ಗಡಿಬಿಡಿ ಇರುವುದಿಲ್ಲ. ಹೆಸರು ಹೇಳಲೇಬೇಕೆಂದೂ ಇಲ್ಲ. ಮೇಷ್ಟ್ರು ಹೆಸರು, ತಂದೆ ಹೆಸರು, ಊರು, ತಾಲ್ಲೂಕು ಎಲ್ಲ ಹೇಳಿಯೇ ಶುರು ಮಾಡಿದರು. ಫೋನಿನಲ್ಲಿ ಸೇರಿದವರು ಕೈ ಎತ್ತಲು ಸ್ಟಾರ್ 9, ಮ್ಯೂಟ್ ತೆಗೆಯಲು ಸ್ಟಾರ್ 6. ಪಕ್ಕದ ಟಿವಿಯಲ್ಲಿ ಅದೇ ಸಭೆ ಓಡುತ್ತಿದ್ದರೆ ಆಫ್ ಮಾಡಿ, ನಿಮ್ಮ ದನಿಯೇ ತಡವಾಗಿ ವಾಪಸ್ ಬಂದು ತಲೆ ಕೆಡಿಸುತ್ತದೆ. ಕುಕ್ಕರ್ ಆಮೇಲೆ ಇಡಿ.

ಮೇಷ್ಟ್ರು ನಿಂಬೆಹಣ್ಣಿನ ಸುದ್ದಿ ಎತ್ತಲಿಲ್ಲ, ಬೇಡಿಯ ಸುದ್ದಿಯನ್ನೂ ಎತ್ತಲಿಲ್ಲ. "ಮೂವತ್ತು ವರ್ಷ ಹುಡುಗರನ್ನ ಆಫೀಸ್ ರೂಮಿಗೆ ಕರೆಸಿದೀನಿ. ಯಾಕೆ ಕರೆಸಿದೆ ಅಂತ ಮೊದಲು ಹೇಳ್ತಿದ್ದೆ. ಅರ್ಥ ಆಯ್ತಾ ಅಂತ ಕೇಳ್ತಿದ್ದೆ. ಆಮೇಲೆ ಬೈಯ್ತಿದ್ದೆ" ಅಂದರು. ಮಗ ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ಚರ್ಚೆಯಲ್ಲಿ ಒಬ್ಬ ಸದಸ್ಯೆ ಇಲಾಖೆಯವರನ್ನು ಕೇಳಿದರು: ನಿಮ್ಮ ಆಫೀಸರ್‌ಗಳ ಫೋನಿನಲ್ಲಿ ಅನುವಾದಕರ ಲೈನ್ ಇದೆಯಲ್ಲ, ಅದರಲ್ಲಿ ಕನ್ನಡ ಇದೆಯಾ? ಆ ಕಡೆ ಸ್ವಲ್ಪ ಹೊತ್ತು ಮೌನ. ವಿಚಾರಿಸಿ ಮುಂದಿನ ಸಭೆಗೆ ಹೇಳುತ್ತೇವೆ ಅಂದರು.

ಮುಂದಿನ ಸಭೆ ಹೊತ್ತಿಗೆ ಮೇಷ್ಟ್ರು ಊರಿಗೆ ವಾಪಸಾಗಿದ್ದರು. ಮಾತಾಡಲು ಆ ಊರಿನವರೇ ಆಗಬೇಕು ಅಂತಿಲ್ಲ. ಇಲ್ಲಿ ಬೇಸಿಗೆಯ ಗುರುವಾರ ಸಂಜೆ ಆರೂವರೆ ಅಂದರೆ ತಿಪಟೂರಿನಲ್ಲಿ ಶುಕ್ರವಾರ ಬೆಳಿಗ್ಗೆ ಏಳು. ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಮೊಮ್ಮಗನ ಟ್ಯಾಬ್‌ನಲ್ಲಿ ಸೇರಿದರು. ಸರದಿ ಬಂತು, ಎರಡು ನಿಮಿಷ ಆಗುವಷ್ಟರಲ್ಲಿ ಕರೆಂಟ್ ಹೋಯಿತು. ಹತ್ತು ನಿಮಿಷದ ಮೇಲೆ ನನಗೆ ಫೋನ್.

"ಅಲ್ಲಮ್ಮ, ಉಳಿದ ಎರಡು ನಿಮಿಷ ಮುಂದಿನ ಸಲಕ್ಕೆ ಸೇರಿಸಿ ಕೊಡ್ತಾರಾ?"

ಇಲ್ಲ ಮೇಷ್ಟ್ರೇ, ಕೊಡಲ್ಲ ಅಂದೆ.